20 ಸಾವಿರದ ಇಯರ್‌ಬಡ್ಸ್‌ಗೆ ಮೂರೇ ವರ್ಷ ಆಯಸ್ಸೇ?

ಮೂರು ವರ್ಷದ ಹಿಂದೆ 20 ಸಾವಿರ ಕೊಟ್ಟು ಇಯರ್‌ಬಡ್ಸ್ ತಗೊಂಡೆ. ಕಂಪನಿ ಹೆಸರು ಬೇಡ. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ.

ಒಳ್ಳೆಯದನ್ನು ಮೊದಲು ಹೇಳಲೇಬೇಕು. ಬೆಂಗಳೂರು–ಹುಬ್ಬಳ್ಳಿ ರಾತ್ರಿ ಬಸ್ಸಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳೋದು ನನ್ನ ಹಳೇ ಚಟ. ಮೊದಲೆಲ್ಲ ಅವರ ದನಿಯಷ್ಟೇ ಸಿಗ್ತಿತ್ತು, ತಂಬೂರಿಯ ಖರಜವನ್ನು, ಅಂದ್ರೆ ಅದರ ತೀರಾ ತಗ್ಗಿನ ಸ್ವರವನ್ನು, ಇಂಜಿನ್ ನುಂಗಿಬಿಡ್ತಿತ್ತು. ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದ ಮೊದಲ ರಾತ್ರಿ ಆ ಖರಜ ತುಂಬಿಕೊಂಡು ಕೇಳಿಸಿತು, ಕಣ್ಣು ಒದ್ದೆಯಾಯ್ತು. ಹೊರಗಿನ ಸದ್ದನ್ನು ಪುಟ್ಟ ಮೈಕು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಅಳಿಸೋ ತಂತ್ರ ಇದು. ಇಂಜಿನ್, ಫ್ಯಾನ್, ಎಸಿ ಥರದ ಒಂದೇ ಸಮನೆಯ ಗುಂಯ್‌ಗುಡುವಿಕೆ ಮಾಯವಾಗುತ್ತೆ. ಹಾರ್ನ್, ಪಕ್ಕದ ಸೀಟಿನವರ ಮಾತು ಮಾತ್ರ ಪೂರ್ತಿ ಹೋಗಲ್ಲ.

ಬಾಸ್ (ತಗ್ಗಿನ ದನಿ) ಇಲ್ಲ ಅಂತ ದೂರೋರು ಮೊದಲು ರಬ್ಬರ್ ಟಿಪ್ ಬದಲಾಯಿಸಿ ನೋಡಿ. ಕಿವಿಗೆ ಬಿಗಿಯಾಗಿ ಕೂರದಿದ್ರೆ ಬಾಸೂ ಹೋಗುತ್ತೆ, ನಾಯ್ಸ್ ಕ್ಯಾನ್ಸಲಿಂಗೂ ಹೋಗುತ್ತೆ. ನನ್ನ ಎರಡು ಕಿವಿಗೆ ಎರಡು ಅಳತೆ ಬೇಕಾಯ್ತು.

ಫೋನ್ ಯಾವುದು ಅನ್ನೋದೂ ಮುಖ್ಯ. ಸೋನಿ ಡಬ್ಲ್ಯೂಎಫ್-1000ಎಕ್ಸ್‌ಎಂ5 ಬ್ಲೂಟೂತ್‌ನಲ್ಲಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹಾಡಿನ ವಿವರ ಸಾಗಿಸೋ ಎಲ್‌ಡ್ಯಾಕ್ ಅನ್ನೋ ತಂತ್ರ ಕೊಡುತ್ತೆ, ಆದರೆ ಐಫೋನ್‌ನಲ್ಲಿ ಎಲ್‌ಡ್ಯಾಕ್ಕೇ ಇಲ್ಲ. ಐಫೋನ್ ಇಟ್ಕೊಂಡು ಅದಕ್ಕೋಸ್ಕರ ದುಡ್ಡು ಸುರೀಬೇಡಿ.

ಈಗ ನನ್ನ ಸಿಟ್ಟಿನ ವಿಷಯ, ಬ್ಯಾಟರಿ. ಆಪಲ್‌ನ ಏರ್‌ಪಾಡ್ಸ್ ಪ್ರೊ 2ರ ಒಂದೊಂದು ಬಡ್ಡೂ 5.3 ಗ್ರಾಂ ತೂಕ ಅಷ್ಟೇ. ಇಂಥ ಜಾಗದಲ್ಲಿ ಕೂರೋ ಲಿಥಿಯಂ ಸೆಲ್ ಎಷ್ಟು ಚಿಕ್ಕದಿರಬೇಡ? ದಿನಾ ಖಾಲಿಯಾಗಿ ತುಂಬಿ ಅದು ಸವೀತಾ ಹೋಗುತ್ತೆ, ಅದು ಯಾರ ತಪ್ಪೂ ಅಲ್ಲ. ಆದರೆ ಸವೆದ ಸೆಲ್ ಬದಲಾಯಿಸೋಕೆ ಆಗದ ಹಾಗೆ ಅಂಟು ಹಾಕಿ ಮುಚ್ಚಿರೋದು ತಪ್ಪು. ನನ್ನ ಎಡಗಡೆಯದು ಈಗ ಒಂದು ಗಂಟೆಯೂ ಬಾಳಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಹುಡುಗ ಪಾಪ ಮರ್ಯಾದೆಯಿಂದಲೇ ಹೇಳಿದ: "ಬ್ಯಾಟರಿ ಹಾಕಲ್ಲ ಸಾರ್, ಆ ಬಡ್ಡೇ ಹೊಸದು ತಗೋಬೇಕು." ಸ್ಪೀಕರ್ ಸರಿಯಿದೆ, ಮೈಕು ಸರಿಯಿದೆ, ಎಲ್ಲಾ ಕಸಕ್ಕೆ!

ಆಗಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ಫೇರ್‌ಫೋನ್ ಅನ್ನೋ ಡಚ್ ಕಂಪನಿಯವರು 2024ರಲ್ಲಿ ತಂದ ಫೇರ್‌ಬಡ್ಸ್ ಇಯರ್‌ಬಡ್ಸ್‌ನಲ್ಲಿ ಬ್ಯಾಟರಿಯನ್ನು ನಾವೇ ತೆಗೆದು ಹಾಕಬಹುದು. ಯುರೋಪಿನ ಒಕ್ಕೂಟ 2023ರಲ್ಲೇ ಕಾನೂನು ಮಾಡಿದೆ: ಕೆಲವು ವಿನಾಯಿತಿ ಬಿಟ್ಟರೆ, 2027ರ ಫೆಬ್ರುವರಿಯಿಂದ ಇಂಥ ಸಾಧನಗಳ ಬ್ಯಾಟರಿ ಬಳಸುವವರ ಕೈಯಲ್ಲೇ ಬಿಚ್ಚೋ ಹಾಗಿರಬೇಕು. ನಮ್ಮಲ್ಲೂ ಅಂಥದ್ದು ಬರಲಿ.

ಅಲ್ಲಿಯವರೆಗೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ನಲ್ಲಿ ಇದನ್ನು ಬಿಚ್ಚಿ ಸೆಲ್ ಹಾಕಿಕೊಡೋರು ಯಾರಾದ್ರೂ ಇದ್ದಾರಾ? ಗೊತ್ತಿದ್ರೆ ಹೇಳಿ, ಶನಿವಾರವೇ ಹೋಗ್ತೀನಿ.