ಸತ್ಯಾಂಶ: ಆಕಾಶದ ದಾರಿ ಬದಲಿಸಿದರೆ ವಿಮಾನ ತಡವಾಗೋದೇ ಇಲ್ವಾ?

‘ಆಕಾಶ ಅಷ್ಟು ದೊಡ್ಡದಿದೆ. ಹೊಸ ದಾರಿ ಹಾಕಿದರೆ ನ್ಯೂಯಾರ್ಕ್‌ನಲ್ಲಿ ವಿಮಾನ ತಡವಾಗೋದೇ ಇಲ್ಲ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಅಲ್ಲಿ ಕೆನಡಿ, ಲಗಾರ್ಡಿಯಾ, ನೆವಾರ್ಕ್ ನಿಲ್ದಾಣಗಳು ತೀರಾ ಹತ್ತಿರ ಇವೆ. ಒಂದಕ್ಕೆ ಇಳಿಯುವ ದಾರಿ ಇನ್ನೊಂದರಿಂದ ಏರುವ ದಾರಿಗೆ ಅಡ್ಡ ಬರುತ್ತದೆ. ನಿಲ್ದಾಣದ ಸುತ್ತ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಸುಮಾರು 5.5 ಕಿಲೋಮೀಟರ್ ಅಂತರ ಬೇಕು, ಇಲ್ಲವೇ ಎತ್ತರದಲ್ಲಿ 1,000 ಅಡಿ ವ್ಯತ್ಯಾಸ. ಖಾಲಿ ಕಂಡರೂ ಜಾಗ ಕಡಿಮೆಯೇ, ಅಲ್ವಾ?

2007ರಲ್ಲಿ ಅಮೆರಿಕ ಸರ್ಕಾರ ಇಲ್ಲಿನ ದಾರಿಗಳ ಬದಲಾವಣೆಗೆ ಒಪ್ಪಿತು. ನೆವಾರ್ಕ್‌ನಿಂದ ಏರುವ ವಿಮಾನಗಳು ಒಂದೇ ಸಾಲು ಹಿಡಿಯದೆ ಬೇರೆ ಬೇರೆ ದಿಕ್ಕಿಗೆ ಹೋಗಲು ಅವಕಾಶವಾಯಿತು. (ಸದ್ದು ಜಾಸ್ತಿ ಎಂದು ಕೆಳಗಿನ ಊರಿನವರು ಕೋರ್ಟಿಗೂ ಹೋದರು.) ಇದರಿಂದ ಕಾಯುವುದು ತಗ್ಗಬಹುದು. ಆದರೆ ರನ್‌ವೇ ಹೆಚ್ಚಾಗುವುದಿಲ್ಲ. ಗುಡುಗು ಮಳೆ ಬಂದರೆ ಹೊಸ ದಾರಿಯೂ ಮುಚ್ಚುತ್ತದೆ.