ಸತ್ಯಾಂಶ: ವಸಡಿನ ಒಳಗಿನ ರೋಗ ಮೊಬೈಲ್ ಫೋಟೊಗೆ ಕಾಣದು

‘ಅಜ್ಜಿಯ ಬಾಯಿ ಫೋಟೊ ತೆಗೆದು ಆ್ಯಪ್‌ಗೆ ಹಾಕಿ. ವಸಡಿನ ರೋಗ ಇಲ್ಲ ಅಂದರೆ ಡಾಕ್ಟರ ಹತ್ತಿರ ಹೋಗುವುದೇ ಬೇಡ.’ ಹುಬ್ಬಳ್ಳಿ-ಧಾರವಾಡದ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ಅರ್ಧ ಮಾತ್ರ ಸರಿ.

ಫೋಟೊದಲ್ಲಿ ಕಾಣುವ ಕೆಂಪು, ಬಾವು, ಹಲ್ಲಿಗಂಟಿದ ಪಾಚಿಯನ್ನು ಇಂಥ ಆ್ಯಪ್‌ನ ಕೃತಕ ಬುದ್ಧಿಮತ್ತೆ ಗುರುತಿಸಬಲ್ಲದು. ಓಡಾಡಲಾಗದ ಹಿರಿಯರಲ್ಲಿ ಯಾರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಆರಿಸಲು ಇದು ನಿಜಕ್ಕೂ ಉಪಕಾರಿ. ಆದರೆ ರೋಗ ಬಲಿಯುವುದು ವಸಡಿನ ಕೆಳಗೆ. ದಂತವೈದ್ಯರು ಮಿಲಿಮೀಟರ್ ಗೆರೆಗಳಿರುವ ತೆಳ್ಳನೆಯ ಕಡ್ಡಿಯನ್ನು ಹಲ್ಲು-ವಸಡಿನ ನಡುವೆ ಮೆಲ್ಲಗೆ ಇಳಿಸಿ ಆಳ ಅಳೆಯುತ್ತಾರೆ. 1ರಿಂದ 3 ಮಿ.ಮೀ. ಇದ್ದರೆ ಸಾಮಾನ್ಯ, 4 ಅಥವಾ ಹೆಚ್ಚಿದ್ದರೆ ಎಚ್ಚರ. ಹಲ್ಲನ್ನು ಹಿಡಿದಿಟ್ಟ ಮೂಳೆ ಎಷ್ಟು ಸವೆದಿದೆ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ. ಇವೆರಡೂ ಮೊಬೈಲ್ ಕ್ಯಾಮೆರಾಗೆ ಸಿಗುವುದಿಲ್ಲ.

ಬೀಡಿ ಸೇದುವ ಅಜ್ಜಂದಿರ ಬಗ್ಗೆ ನನಗೆ ಹೆಚ್ಚು ಆತಂಕ. ಧೂಮಪಾನ ವಸಡಿನ ರಕ್ತಸ್ರಾವವನ್ನು ತಗ್ಗಿಸುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಮೇಲೆ ಎಲ್ಲ ಸರಿಯಿದ್ದಂತೆ ಕಾಣಬಹುದು. ಸಕ್ಕರೆ ಕಾಯಿಲೆ ಇದ್ದವರಿಗೂ ಅಪಾಯ ಹೆಚ್ಚು.

ಹಲ್ಲು ಅಲ್ಲಾಡುತ್ತಿದ್ದರೆ, ಖಡಕ್ ರೊಟ್ಟಿ ಕಡಿದಾಗ ರಕ್ತ ಬಂದರೆ, ಆ್ಯಪ್ ಏನೇ ಹೇಳಲಿ, ದಂತವೈದ್ಯರಿಗೆ ತೋರಿಸಿ. ಧಾರವಾಡದ ಸತ್ತೂರಿನಲ್ಲಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ.