ಹುಳಕ್ಕೊಂದು ಬಾಂದುಕಲ್ಲು

ಗಡಿ ತಕರಾರು ಒಂದಿದೆ, ಕೇಳಿ. ಜಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಸಮುದ್ರದಂಚಿನ ಫಾರ್ಚೂನ್ ಹೆಡ್ ಎಂಬ ಬಂಡೆ. ತಕರಾರು ಭೂಮಿಯ ಚರಿತ್ರೆಯ ಎರಡು ಕಾಲಘಟ್ಟಗಳ ನಡುವೆ: ಕೆಳಗಡೆ ಹಳೆಯ ಎಡಿಯಾಕರನ್ ಕಾಲ, ಮೇಲ್ಗಡೆ ಅದರ ನಂತರದ ಕ್ಯಾಂಬ್ರಿಯನ್. ಸಾಕ್ಷಿ ಯಾರು? ಒಂದು ಹುಳ. ಹುಳವೂ ಅಲ್ಲ, ಅದು ತೋಡಿದ ಬಿಲ.

ಬಂಡೆಗೆ ಕ್ಯಾಲೆಂಡರ್ ಇಲ್ಲವಲ್ಲ. ಹಾಗಾಗಿ ಭೂವಿಜ್ಞಾನಿಗಳು ಪದರ ಪದರ ಹತ್ತುತ್ತಾ ಹೋಗಿ, ಒಂದು ಪಳೆಯುಳಿಕೆ ಮೊದಲ ಸಲ ಕಂಡ ಕಡೆ 'ಇಲ್ಲಿಂದ ಹೊಸ ಕಾಲ' ಅನ್ನುತ್ತಾರೆ. ಆ ಜಾಗಕ್ಕೆ ಚಿನ್ನದ ಮೊಳೆ ಅಂತ ಹೆಸರು. ಚಿನ್ನ ಹೆಸರಿಗಷ್ಟೇ, ಹಾರೆ ಹಿಡಿದು ಹೊರಡಬೇಡಿ. ಚೀನಾ, ಸೈಬೀರಿಯಾದ ಬಂಡೆಗಳೂ ರೇಸಿನಲ್ಲಿದ್ದವು. 1992ರಲ್ಲಿ ಫಾರ್ಚೂನ್ ಹೆಡ್ ಗೆದ್ದಿತು.

ಸಾಕ್ಷಿಯ ಹೆಸರು ಟ್ರೆಪ್ಟಿಕ್ನಸ್ ಪೀಡಂ. ಅದು ಈಗಿನ ಹೆಸರು. ಮೊದಲು ಫೈಕೋಡಿಸ್ ಪೀಡಂ, ಟ್ರೈಕೋಫೈಕಸ್ ಅಂತ ಕರೆದವರೂ ಇದ್ದಾರೆ. ನಮ್ಮದು ಒಂದು ಇನಿಷಿಯಲ್ ಆಚೀಚೆ ಆದರೆ ಅರ್ಜಿ ವಾಪಸ್ ಬರುತ್ತದೆ, ಅಲ್ವಾ?

ಆ ಹುಳವನ್ನು ಯಾರೂ ಕಂಡಿಲ್ಲ. ಬಿಲ ಮಾತ್ರ ಸೊಗಸಾಗಿದೆ. ಕೆಸರಿನಡಿ ಸ್ವಲ್ಪ ಮುಂದೆ ಹೋಗಿದೆ, ಮೇಲಕ್ಕೆ ಮೂತಿ ಚಾಚಿದೆ, ಹಿಂದೆ ಸರಿದಿದೆ. ಮತ್ತೆ ಮುಂದೆ, ಮತ್ತೆ ಮೂತಿ. ನೋಡಿದರೆ ಈಗ ತಾನೇ ಸೂಜಿ ಹಿಡಿದವರು ಹಾಕಿದ ಓರೆಕೋರೆ ಹೊಲಿಗೆ. ಊಟ ಹುಡುಕಿ ಹೊರಟ ಬಡಪಾಯಿಗೆ ತಾನು ಹೊಸ ಕಾಲದ ರಿಬ್ಬನ್ ಕತ್ತರಿಸುತ್ತಿದ್ದೇನೆ ಅಂತ ಏನು ಗೊತ್ತು!

ಸರಿ, ಮೊಳೆ ಬಿತ್ತು. 2001ರ ಹೊತ್ತಿಗೆ ಅದೇ ಬಂಡೆಯನ್ನು ಇನ್ನೊಮ್ಮೆ ನೋಡಿದವರಿಗೆ ಕಂಡಿದ್ದೇನು? ಮೊಳೆಯಿಂದ 4 ಮೀಟರಿಗೂ ಜಾಸ್ತಿ ಕೆಳಗೆ ಅದೇ ಹೊಲಿಗೆ! ಕೆಳಗಿದೆ ಅಂದರೆ ಹಳೆಯದು. ಮುಖ್ಯ ಅತಿಥಿ ಸಮಾರಂಭಕ್ಕಿಂತ ಎಷ್ಟೋ ಮೊದಲೇ ಬಂದು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ.

ಹಾಗಾದರೆ ಮೊಳೆ ಕೀಳುವುದೇ? ಛೆ, ಛೆ. ಉತ್ತರ ಸಿದ್ಧವಾಗಿದೆ: ಗಡಿ ಇರುವುದು ಮೊಳೆಯಲ್ಲಿ, ಹುಳದಲ್ಲಲ್ಲ. ಹುಳ ಸುಮ್ನೆ ದಾರಿ ತೋರಿಸುವುದಕ್ಕೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಹೀಗಾಗಿ ಕ್ಯಾಂಬ್ರಿಯನ್ ಬಾಗಿಲು ತೆರೆದ ಹುಳ, ದಾಖಲೆ ಪ್ರಕಾರ, ಎಡಿಯಾಕರನ್‌ನಲ್ಲೂ ಬಿಡಾರ ಹೂಡಿದೆ.

ವಾದದಲ್ಲಿ ಹುರುಳಿದೆ ಅನ್ನಿ. ಬಿಲ ಸಿಕ್ಕಾಗಲೆಲ್ಲ ಮೊಳೆ ಕಿತ್ತರೆ ಪಠ್ಯಪುಸ್ತಕದವರು ಎಲ್ಲಿಗೆ ಹೋಗಬೇಕು? ಆದರೆ ಕೆಲವು ವರ್ಷದ ಹಿಂದೆ ಈ ಗಡಿಗೆ 54.1 ಕೋಟಿ ವರ್ಷ ಅನ್ನುತ್ತಿದ್ದರು. ಈಗ 53.88 ಕೋಟಿಯಂತೆ. ಮೊಳೆ ಇದ್ದಲ್ಲೇ ಇದೆ. ವಯಸ್ಸು ಮಾತ್ರ ಅಂಡರ್-19 ತಂಡಕ್ಕೆ ಹೊರಟ ಹುಡುಗನದರ ಹಾಗೆ ಇಳಿದಿದೆ, ಬರೋಬ್ಬರಿ 22 ಲಕ್ಷ ವರ್ಷ.